ಎರಡನೆಯ ಸಾಕ್ಷಿ

ಕ್ಷೌರದಂಗಡಿಯ ಯಜಮಾನರು ಬೆಳಿಗ್ಗೆ ಬರುತ್ತಲೇ ಕಿರಿಯ ಕೆಲಸಗಾರ ಗುಂಗುರನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಎಲ್ಲಕ್ಕೂ ಅದೇ ಮೂಲ.

ಹಿರಿಯ ಕೆಲಸಗಾರನ ಹೊಟ್ಟೆ ಧಗಧಗ ಉರಿಯತೊಡಗಿತು. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯ ಹಿಂದೆ ನಿಂತು ಅವನ ಮಂಡಿ ಸವೆದಿತ್ತು. ಗುಂಗುರು ಕೂದಲಿನ ಆ ಹುಡುಗಾಟದ ಆಸಾಮಿ ಬಂದು ಮೂರು ವರ್ಷವೂ ಆಗಿಲ್ಲ, ಆಗಲೇ ಗಿರಾಕಿಗಳು "ಅವನೇ ಬರ್ಲಿ, ಕಾಯ್ತೀವಿ" ಎನ್ನುತ್ತಾರೆ. ಆ ಮಾತು ಕೇಳಿದ ದಿನ ಹಿರಿಯನಿಗೆ ಊಟ ಸೇರುತ್ತಿರಲಿಲ್ಲ.

"ಯಜಮಾನ್ರು ಉಯಿಲು ಬರೀತಿದ್ದಾರಂತೆ," ಎಂದರು ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ನಿವೃತ್ತ ಕೋರ್ಟ್ ಗುಮಾಸ್ತರು. "ಮಕ್ಕಳಿಲ್ಲ ನೋಡು. ಅಂಗಡಿ ಯಾರಿಗಾದ್ರೂ ಬಿಡ್ಬೇಕಲ್ಲ."

"ಇನ್ಯಾರಿಗೆ, ಒಳಗೆ ಕೂತಿದ್ದಾನಲ್ಲ, ಅವನಿಗೆ." ಹಿರಿಯ ಹಲ್ಲು ಕಡಿದ ರಭಸಕ್ಕೆ ಗುಮಾಸ್ತರ ಎಡಮೀಸೆ ಅರ್ಧವಾಯಿತು. ಅವರು ಕಣ್ಣು ಮುಚ್ಚಿದ್ದರಿಂದ ಬಚಾವಾದ.

"ಹಾಗಾದ್ರೆ ಅವನ ಕೈಲೇ ಸಾಕ್ಷಿ ಹಾಕಿಸು," ಗುಮಾಸ್ತರು ತಮಾಷೆ ಮಾಡಿದರು. "ಆಸ್ತಿ ಪಡೆಯೋನೇ ಉಯಿಲಿಗೆ ಸಾಕ್ಷಿ ಹಾಕಿದ್ರೆ, ಅವನಿಗೆ ಬಿಟ್ಟಿದ್ದು ರದ್ದು. ಕಾನೂನೇ ಹಾಗಿದೆ."

ಬಾಗಿಲು ತೆರೆಯಿತು. ಯಜಮಾನರ ಕೈಯಲ್ಲಿ ಮಡಚಿದ ಕಾಗದ. ಸಹಿ ಹಾಕುವಷ್ಟೇ ಜಾಗ ಕಾಣುತ್ತಿತ್ತು. "ಇಬ್ಬರು ಸಾಕ್ಷಿ ಬೇಕಲ್ಲಪ್ಪ."

"ಗುಂಗುರನೇ ಹಾಕ್ಲಿ ಯಜಮಾನ್ರೇ. ಮನೆಮಗ ಇದ್ದ ಹಾಗೆ," ಎಂದು ಹಿರಿಯ ಮಾತಿಗೆ ಬೆಣ್ಣೆ ಸವರಿದ. ಮೂರು ವರ್ಷದಲ್ಲಿ ಅವನು ಗುಂಗುರನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಗುಂಗುರ ಏನೋ ಹೇಳಲು ಹೋಗಿ, ಸುಮ್ಮನೆ ಸಹಿ ಹಾಕಿದ.

ಗುಮಾಸ್ತರು ತಾವೂ ಹಾಕುತ್ತೇನೆಂದು ಎದ್ದರು. ಹಿರಿಯ ತಕ್ಷಣ ಲೆಕ್ಕ ಹಾಕಿದ: ಇವರು ಗುಂಗುರನ ಸಹಿ ನೋಡಿ ಬಾಯಿಬಿಟ್ಟರೆ ಮುಗಿಯಿತು. "ಅಲ್ಲಾಡ್ಬೇಡಿ ಸಾರ್, ಕತ್ತಿ ಇದೆ," ಎಂದು ಅವರನ್ನು ಕುರ್ಚಿಗೆ ಅದುಮಿ, ತಾನೇ ಓಡಿಹೋಗಿ ಸಹಿ ಗೀಚಿದ.

ಯಜಮಾನರು ಕಾಗದ ಬಿಡಿಸಿದರು. "ಗುಂಗುರನ ಅಕ್ಷರ ಚೆನ್ನಾಗಿದೆ ಅಂತ ಅವನ ಕೈಲಿ ಬರೆಸ್ದೆ. ಅಂಗಡಿ, ಕುರ್ಚಿ, ಕನ್ನಡಿ ಎಲ್ಲಾ ನಿನಗೇ ಕಣೋ. ಇಪ್ಪತ್ತೆರಡು ವರ್ಷ ದುಡಿದಿದ್ದೀಯ."

ಗುಮಾಸ್ತರ ಬಾಯಿಂದ ನಗುವಿನ ಜೊತೆ ನೊರೆಯೂ ಹಾರಿತು. "ಪಡೆಯೋನು ಸಾಕ್ಷಿ ಹಾಕೋ ಹಾಗಿಲ್ಲ ಯಜಮಾನ್ರೇ. ಇವನಿಗೆ ಈಗ ತಾನೆ ಅದನ್ನ ಹೇಳಿದ್ದೆ. ಅಂಗಡಿ ಗುಂಗುರನಿಗೇ ಸಿಗುತ್ತೆ ಅಂತ ಕುದೀತಿದ್ದ."

ಯಜಮಾನರು ಗುಂಗುರನ ಸಹಿ ನೋಡಿದರು, ಹಿರಿಯನ ಮುಖ ನೋಡಿದರು. "ಅದಕ್ಕೇನಾ, ಮನೆಮಗ ಅಂದಿದ್ದು?"

ಹಿರಿಯ ಚೊಕ್ಕವಾಗಿದ್ದ ಕತ್ತಿಯನ್ನೇ ಮತ್ತೆ ಮತ್ತೆ ಒರೆಸಿದ.

ಯಜಮಾನರು ಕಾಗದ ಹರಿದು ಹೊಸ ಹಾಳೆ ಕೊಟ್ಟರು. "ಗುಂಗುರ, ಇನ್ನೊಂದ್ಸಲ ಬರಿ. ಹೆಸರೊಂದು ಬದಲಾಯ್ಸು. ಈ ಸಲ ನೀನು ಸಹಿ ಹಾಕ್ಬೇಡ. ಗುಮಾಸ್ತರು ಒಬ್ಬರು, ಇವನೊಬ್ಬ, ಸಾಕ್ಷಿಗೆ ಸರಿಯಾಯ್ತು."