ರೊಟ್ಟಿಯ ಜೊತೆ ಒಣಗಿದ ಮಾಡ್ಯೂಲು

ವ್ಯಾನಿನ ಸ್ಟೇರಿಂಗ್ ಕೆಳಗೆ, ಮೊಣಕಾಲು ತಾಗುವ ಜಾಗದಲ್ಲಿ ಒಂದು ಕರಿ ಪೆಟ್ಟಿಗೆ ಇರುತ್ತದೆ. ಅದರ ಹೆಸರು ಬಾಡಿ ಕಂಟ್ರೋಲ್ ಮಾಡ್ಯೂಲ್. ಹಾರ್ನು, ದೀಪ, ವೈಪರು, ಬಾಗಿಲಿನ ಲಾಕು ಎಲ್ಲವೂ ಅದರ ಮಾತು ಕೇಳುತ್ತವೆ. ಅದು ಕೆಟ್ಟರೆ ಬದಲಿಸುವುದು ಬಹಳ ಸುಲಭ. ನಾಲ್ಕು ಸ್ಕ್ರೂ, ಮೂರು ಪ್ಲಗ್ಗು, ಅಷ್ಟೇ. ಈ ಮಾಹಿತಿಯನ್ನು ನಾನು ಹಾನಗಲ್ಲಿನ ನಮ್ಮ ಇಡೀ ಓಣಿಗೆ ಉಚಿತವಾಗಿ ಹಂಚಿದ್ದೆ. ಬದಲಿಸುವುದಕ್ಕಿಂತ ಮೊದಲೇ ಹಂಚಿದ್ದೆ ಎಂಬುದಷ್ಟೇ ತೊಂದರೆ.

ವ್ಯಾನು ನನ್ನ ಹೆಸರಿನಲ್ಲಿದೆ, ದುಡಿಮೆ ಹೆಂಡತಿಯದು. ಗಿರಿಜಾ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡುತ್ತಾಳೆ. ನಾನು ಅವನ್ನು ಅಕ್ಕಿಆಲೂರು, ಶಿಗ್ಗಾಂವಿ, ಸವಣೂರಿನ ಖಾನಾವಳಿಗಳಿಗೆ ಮುಟ್ಟಿಸುತ್ತೇನೆ. ನಮ್ಮ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ‘ವ್ಯವಸ್ಥಾಪಕರು’ ಎಂದು ಅಚ್ಚಾಗಿದೆ. ಮನೆಯಲ್ಲಿ ಡ್ರೈವರ್ ಎನ್ನುತ್ತಾರೆ.

ಹೀಗಿರುವಾಗ ಹಿರೇಕೆರೂರಿನ ಶಾರದಕ್ಕ ಎಂಬ ಶಿಕ್ಷಕಿ ತಮ್ಮ ಹೊಸ ಮನೆಯ ವಾಸ್ತುಶಾಂತಿ ಊಟಕ್ಕೆ ರೊಟ್ಟಿ ಹೇಳಿದರು. ಅಲ್ಲಿಯವರೆಗೆ ಗಿರಿಜಾಳ ರೊಟ್ಟಿ ಖಾನಾವಳಿಯವರ ಹೆಸರಿನಲ್ಲೇ ಖರ್ಚಾಗುತ್ತಿತ್ತು. ಒಂದು ಕಾರ್ಯಕ್ಕೆ ಅವಳ ಹೆಸರು ಕೇಳಿಕೊಂಡು ಬಂದದ್ದು ಇದೇ ಮೊದಲು.

“ನಾಕ ಊರಿನ ಮಂದಿ ಉಣ್ತಾರ್ರಿ. ಈ ಸಲ ಹೆಸರ ಬಂತಂದ್ರ ಬಂತು, ಹೋತಂದ್ರ ಹೋತು,” ಎಂದು ಅವಳು ಹಿಟ್ಟು ನಾದಲು ಕುಳಿತಳು. ನಮ್ಮ ವ್ಯಾನಿನ ಹಾರ್ನು ಸುಮ್ಮನಾದದ್ದು ಆಗಲೇ. ಎಡಕ್ಕೆ ಇಂಡಿಕೇಟರ್ ಹಾಕಿದರೆ ವೈಪರು ಆಡತೊಡಗಿತು.

ಸವಣೂರಿನ ದಸ್ತಗೀರ್ ಮಿಸ್ತ್ರಿ ನೋಡಿ, ಮಾಡ್ಯೂಲು ಹೋಗಿದೆ ಎಂದ. ಹೊಸದನ್ನು ತರಿಸಿಯೂ ಕೊಟ್ಟ.

“ಇದನ್ನ ಹಂಗ ಹಾಕೂದಲ್ರಿ. ಕಂಪ್ಯೂಟರ್ ಹಚ್ಚಿ ಗಾಡಿಗೆ ಇದರ ಪರಿಚಯ ಮಾಡಿಸ್ಬೇಕು. ನಮ್ಮ ತಂಗಿ ಮಗಂದು ಶಾದಿ ಐತಿ, ಮುಗಿಸ್ಕೊಂಡು ಬಂದು ನಾನ ಕುಂದರಸ್ತೇನಿ. ಅಲ್ಲೀತನಕ ಕವರ್ ಸುದ್ದಾ ತಗೀಬ್ಯಾಡ್ರಿ.”

ಮನೆಗೆ ಬಂದು ಕವರ್ ತೆಗೆದೆ.

“ಮಿಸ್ತ್ರಿ ಬರ್ಲಿ ಬಿಡ್ರಿ,” ಎಂದಳು ಗಿರಿಜಾ. “ಹಾರ್ನ್ ಇಲ್ಲಂದ್ರ ಏನಾತು? ಕಿಟಕ್ಯಾಗ ಕುಂತು ನಾನ ಒದರ್ತೇನಿ, ಸರೀರಿ, ಸರೀರಿ ಅಂತ.”

“ಪರಿಚಯ ಅಂತ, ಪರಿಚಯ. ನಮ್ಮಿಬ್ಬರಿಗೆ ಯಾರು ಪರಿಚಯ ಮಾಡಿಸಿದ್ರು? ಅಕ್ಕಿಕಾಳು ಬಿದ್ದ ಮ್ಯಾಲೆ ಒಬ್ಬರಿಗೊಬ್ಬರು ಮಾತಾಡಿದ್ವಿ. ಸಂಸಾರ ನಡದಿಲ್ಲೇನು?”

“ನಡಸೇನಿ,” ಎಂದಳು.

ಆ ಒಂದು ಅಕ್ಷರದ ವ್ಯತ್ಯಾಸವನ್ನು ಗಮನಿಸುವಷ್ಟು ವ್ಯವಧಾನ ನನಗೆ ಆಗ ಇರಲಿಲ್ಲ. ಮೊದಲು ಪೂಜೆ ಆಗಬೇಕಿತ್ತು. ನಮ್ಮ ಮನೆಯಲ್ಲಿ ಮಿಕ್ಸರ್ ಇರಲಿ, ಮೊಬೈಲ್ ಇರಲಿ, ಕುಂಕುಮ ಹಚ್ಚಿಸಿಕೊಳ್ಳದೆ ಯಾವ ಯಂತ್ರವೂ ಕೆಲಸಕ್ಕೆ ಹಾಜರಾಗುವಂತಿಲ್ಲ. ನನ್ನ ಮೊಬೈಲಿನ ಕ್ಯಾಮೆರಾ ಕಣ್ಣಿಗೂ ಕುಂಕುಮ ಬಿದ್ದು, ಕೆಲವು ದಿನ ನಾವು ತೆಗೆದ ಫೋಟೋಗಳಲ್ಲೆಲ್ಲ ಸಂಜೆಯೇ ಆಗಿತ್ತು. ಹಾಗಾಗಿ ಮಾಡ್ಯೂಲನ್ನು ತಟ್ಟೆಯಲ್ಲಿಟ್ಟು ವಿಭೂತಿ ಬಳಿದೆ, ಕುಂಕುಮ ಇಟ್ಟೆ, ಊದಿನಕಡ್ಡಿ ಬೆಳಗಿದೆ. ಕೊನೆಗೆ ಭಕ್ತಿ ಹೆಚ್ಚಾಗಿ ತೆಂಗಿನಕಾಯಿಯನ್ನು ಅದರ ನೆತ್ತಿಯ ಮೇಲೆಯೇ ಹಿಡಿದು ಒಡೆದೆ.

ಕಾಯಿ ಚೆನ್ನಾಗಿತ್ತು. ನೀರು ಬಹಳ ಇತ್ತು. ಅಷ್ಟೂ ನೀರು ಪ್ಲಗ್ಗು ಕೂರುವ ತೂತುಗಳೊಳಗೆ ಇಳಿಯಿತು.

ಹೆದರಲಿಲ್ಲ. ಏನನ್ನಾದರೂ ಒಣಗಿಸಲು ನಮ್ಮ ಮನೆಯಲ್ಲಿ ಒಂದೇ ಪದ್ಧತಿ. ದೊಡ್ಡ ಒಲೆಯ ಸುತ್ತ ಬೆಂದ ರೊಟ್ಟಿಗಳನ್ನು ನಿಲ್ಲಿಸುತ್ತೇವೆ. ಆ ಕಾವಿಗೆ ಅವು ಖಡಕ್ ಆಗುತ್ತವೆ. ಎರಡು ರೊಟ್ಟಿಯ ನಡುವೆ ಮಾಡ್ಯೂಲನ್ನೂ ನಿಲ್ಲಿಸಿ, ವ್ಯಾನಿನ ಸ್ಕ್ರೂ ಬಿಚ್ಚಲು ಹೋದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಗಿರಿಜಾಳ ದನಿ ಬಂತು.

“ರೀ, ಈ ಕರೀ ರೊಟ್ಟಿ ಯಾರು ಬಡದಾರ?”

ಓಡಿ ಹೋಗಿ ನೋಡಿದರೆ ಅವಳು ಅದನ್ನು ಮಗುಚಿ ಹಾಕಿದ್ದಳು. ಎರಡೂ ಬದಿ ಹದವಾಗಿ ಬಿಸಿಯಾಗಿದ್ದವು. ಒಂದು ಮೂಲೆ ಮಾತ್ರ ಹಪ್ಪಳದ ಹಾಗೆ ಮೇಲೆದ್ದಿತ್ತು. ಅದನ್ನು ಬಟ್ಟೆಯಲ್ಲಿ ಹಿಡಿದು ಒಯ್ದು ಜಾಗಕ್ಕೆ ಒತ್ತಿ ಕೂರಿಸಿದೆ. ಪ್ಲಗ್ಗು ಕೂತಾಗ ಟಕ್ ಎಂದು ಸದ್ದಾಯಿತು. ಕ್ಲಿಪ್ಪು ಮುರಿದ ಸದ್ದು ಅದು ಎಂದು ಆಮೇಲೆ ತಿಳಿಯಿತು. ಕೀಲಿ ತಿರುವಿದೆ. ವ್ಯಾನು ಶುರುವಾಯಿತು. ಹಾರ್ನು ಕೂಗಿತು! ಓಣಿಯವರೆಲ್ಲ ಬಾಗಿಲಿಗೆ ಬರುವವರೆಗೆ ಹೊಡೆದೆ.

ಮರುದಿನ ಬೆಳಿಗ್ಗೆ ರೊಟ್ಟಿಯ ಡಬ್ಬಿಗಳನ್ನು ತುಂಬಿಕೊಂಡು ಗಂಡ ಹೆಂಡತಿ ಹೊರಟೆವು. ಊರು ದಾಟಿ ವೇಗ ಹಿಡಿಯುತ್ತಲೇ ಎಲ್ಲ ಬಾಗಿಲುಗಳೂ ತಾವಾಗಿ ಲಾಕ್ ಆದವು.

“ನೋಡಿದಿ? ಸುರಕ್ಷತೆ ಅಂದ್ರ ಇದು,” ಎಂದೆ.

ಮುಂದೆ ಎಮ್ಮೆ ಅಡ್ಡ ಬಂತು. ಬ್ರೇಕು ಒತ್ತಿದೆ. ಹಾರ್ನು ಕೂಗಿತು, ವೈಪರು ಆಡಿತು, ಗಾಜಿನ ಮೇಲೆ ನೀರು ಚಿಮ್ಮಿತು. ಇಷ್ಟೂ ನನ್ನ ಒಂದೇ ಪಾದದಿಂದ ಆದ ಕೆಲಸ. ಗಿರಿಜಾ ನನ್ನ ಮುಖ ನೋಡಿದಳು. ನಾನು ಎಮ್ಮೆಯನ್ನು ನೋಡಿದೆ.

ಬ್ರೇಕು ಒತ್ತದೆ ಹೋದರೆ ಆಯಿತು ಎಂಬ ನನ್ನ ಯೋಜನೆ ಅಕ್ಕಿಆಲೂರಿನವರೆಗೆ ನಡೆಯಿತು. ಅಲ್ಲಿ ಸಂತೆ. ಹೆಜ್ಜೆಗೊಂದು ಬ್ರೇಕು, ಬ್ರೇಕಿಗೊಂದು ಹಾರ್ನು. ಉಳ್ಳಾಗಡ್ಡಿ ಚೀಲ ಹೊತ್ತ ಒಬ್ಬ ಮುದುಕಿ ಸಿಟ್ಟಿಗೆದ್ದು ವ್ಯಾನಿನ ಮುಂದೆಯೇ ನಿಂತಳು.

“ಸಾಕು ಬಿಡಪಾ ತಮ್ಮಾ, ಹೊಂಟೇನಿ. ಎಷ್ಟು ಹಾರ್ನ್ ಹೊಡೀತಿ?”

“ನಾ ಹೊಡಿಯಾಕತ್ತಿಲ್ಲಬೇ, ಅದ ಹೊಡ್ಕೊಳ್ಳಾಕತ್ತೈತಿ.”

“ನಿನ್ನ ಮಾತು ಕೇಳಲಾರದ ಗಾಡಿ ಸಂತ್ಯಾಗ ಯಾಕ ತಂದಿ?”

ಅವಳನ್ನು ಬಳಸಿಕೊಂಡು ಮುಂದೆ ಹೋದೆ. ತಿಳವಳ್ಳಿ ತಲುಪುವ ಹೊತ್ತಿಗೆ ದೀಪಗಳೂ ಮಿಣುಕತೊಡಗಿದವು. ಎದುರಿಗೆ ಬಂದ ಬಸ್ಸು ಬದಿಗೆ ಸರಿದು ದಾರಿ ಬಿಟ್ಟಿತು. ಬೈಕಿನವನೊಬ್ಬ ಪಕ್ಕಕ್ಕೆ ಬಂದು ಕಳಕಳಿಯಿಂದ ಕೇಳಿದ, “ಒಳಗ ಯಾರಿಗೆ ಆರಾಮಿಲ್ರಿ?”

ಗಿರಿಜಾ ನನ್ನ ಕಡೆ ಕೈ ತೋರಿಸಿದಳು.

ಹಿರೇಕೆರೂರಿನಲ್ಲಿ ಶಾರದಕ್ಕನ ಮನೆ ಮುಂದೆ ನಿಂತಾಗ ಹಾರ್ನಿನ ಸದ್ದಿಗೆ ಇಡೀ ವಾಸ್ತುಶಾಂತಿಯೇ ಹೊರಗೆ ಬಂತು. ಪಂಕ್ತಿ ಕೂತಿತ್ತು, ಎಲೆಗೆ ಪಲ್ಯ ಬಿದ್ದಿತ್ತು, ರೊಟ್ಟಿಯೊಂದು ಬರಬೇಕಿತ್ತು. ಮುಂದಿನ ಬಾಗಿಲನ್ನು ಒಳಗಿನ ಹಿಡಿಕೆಯಿಂದ ತೆಗೆದು ಇಳಿದೆವು. ಹೋಗಿ ಹಿಂದಿನ ಬಾಗಿಲು ಎಳೆದೆ. ಬರಲಿಲ್ಲ. ಕೀಲಿಯ ಗುಂಡಿ ಒತ್ತಿದೆ. ವ್ಯಾನು ಕಳ್ಳ ಬಂದಾಗ ಕೂಗುವ ದನಿಯಲ್ಲಿ ಕೂಗಿಕೊಂಡಿತು. ಪರಿಚಯವಿಲ್ಲದ ಮಾಡ್ಯೂಲು ಪಾಪ, ನನ್ನನ್ನು ಯಾರೆಂದು ತಿಳಿಯಬೇಕು? ನನ್ನ ವ್ಯಾನಿಗೆ ನಾನೇ ಕಳ್ಳ ಎಂಬುದು ಬೀಗರು, ನೆಂಟರು, ಶಾಂತಿ ಮಾಡಿಸಲು ಬಂದ ಆಚಾರ್ರು, ಎಲ್ಲರಿಗೂ ತಿಳಿಯಿತು. ಬ್ಯಾಟರಿಯ ವೈರು ಕಿತ್ತೆ. ಕೂಗು ನಿಂತಿತು. ಬಾಗಿಲು ಮಾತ್ರ ಅಲ್ಲಾಡಲಿಲ್ಲ. ಅದಕ್ಕೂ ಒಳಗಿನಿಂದ ತೆಗೆಯಲು ಮೊದಲು ಒಂದು ಹಿಡಿಕೆ ಇತ್ತು. ಡಬ್ಬಿಗೆ ತಾಗುತ್ತದೆಂದು ಅದನ್ನು ನಾನೇ ಹಿಂದೊಮ್ಮೆ ಬಿಚ್ಚಿ ಎಸೆದಿದ್ದೆ.

ಮಿಸ್ತ್ರಿಗೆ ಫೋನ್ ಮಾಡಿದೆ. ಶಾದಿಯ ಗದ್ದಲದ ನಡುವೆ ಎಲ್ಲ ಕೇಳಿಸಿಕೊಂಡ. “ಒಲಿ ಮುಂದ ಇಟ್ರಿ ಅಂದ್ರಲ್ಲ, ಎಣ್ಣಿ ಏನರ ಹಚ್ಚಿದ್ರೇನ್ರಿ?” ಎಂದು ಕೇಳಿದ.

ಆಗ ಗಿರಿಜಾಳನ್ನು ನೋಡಿದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಗಾಜಿನಾಚೆ ಕಾಣುವ ತನ್ನ ರೊಟ್ಟಿಯ ಡಬ್ಬಿಗಳನ್ನು ನೋಡುತ್ತ ನಿಂತಿದ್ದಳು, ಕಣ್ಣಲ್ಲಿ ನೀರು ಬಂದಿತ್ತು. ದಿನಗಟ್ಟಲೆ ಒಲೆಯ ಮುಂದೆ ಬೆಂದವಳು ಅವಳು, ನನ್ನ ಜಂಬಕ್ಕೆ ಹೋಗುವುದು ಅವಳ ಹೆಸರು.

“ಗಿರಿಜಾ, ತಪ್ಪಾತು,” ಎಂದೆ.

“ತಪ್ಪು ಆಮ್ಯಾಲೆ ಹೇಳ್ರಿ. ಮೊದಲ ಆ ಸೀಟ್ ಮುಂದಕ್ಕ ಸರಸ್ರಿ,” ಎಂದು ಮೂಗು ಒರೆಸಿಕೊಂಡಳು. ಸೆರಗು ಸಿಕ್ಕಿಸಿ ಮುಂದಿನ ಸೀಟು ಹತ್ತಿ ಹಿಂದಕ್ಕೆ ಇಳಿದೇಬಿಟ್ಟಳು.

ಡಬ್ಬಿಗಳು ಸೀಟಿನ ಸಂದಿಯಲ್ಲಿ ಹಾಯುತ್ತಿರಲಿಲ್ಲ. ಅವಳು ಬಿಳಿ ಬಟ್ಟೆಯಲ್ಲಿ ರೊಟ್ಟಿ ಸುತ್ತಿ ಸುತ್ತಿ ಕೊಟ್ಟಳು. ನಾನು ಮುಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಹೊರಗೆ ದಾಟಿಸಿದೆ. ಹೊರಗೆ ಶಾರದಕ್ಕ ನಿಂತರು, ಅವರ ಹಿಂದೆ ಬೀಗರು, ಮಡಿ ಉಟ್ಟ ಆಚಾರ್ರು, ಶಿಗ್ಗಾಂವಿಯಿಂದ ಬಂದಿದ್ದ ಕಿರಾಣಿ ಅಂಗಡಿಯ ಬಸಣ್ಣ. ಪಂಕ್ತಿಯವರೆಗೆ ಸಾಲು ಬೆಳೆಯಿತು. ಕೈಯಿಂದ ಕೈಗೆ ಹೋಗುವಾಗ ಕೆಲವು ರೊಟ್ಟಿ ಮುರಿದವು. ಮುರಿದದ್ದನ್ನು ಸಾಲಿನವರೇ ಬಾಯಿಗೆ ಹಾಕಿಕೊಂಡರು. ಆಮೇಲೆ ಯಾಕೋ ಮುರಿಯುವುದು ಜಾಸ್ತಿಯಾಯಿತು.

“ಯಾರು ಬಡದಾರ್ರಿ ಇವನ್ನ?” ಎಂಬ ಪ್ರಶ್ನೆ ಪಂಕ್ತಿಯ ಕಡೆಯಿಂದ ಬಾಯಿಂದ ಬಾಯಿಗೆ ದಾಟಿ ಕಿಟಕಿಯವರೆಗೆ ಬಂತು. “ಹಾನಗಲ್ ಗಿರಿಜಾ” ಎಂಬ ಉತ್ತರ ಅದೇ ದಾರಿಯಲ್ಲಿ ವಾಪಸು ಹೋಯಿತು. ಊಟಕ್ಕೆ ಬಂದವರಲ್ಲಿ ಆ ಹೆಸರು ಕೇಳದವರು ಯಾರೂ ಉಳಿಯಲಿಲ್ಲ. ಬಾಗಿಲು ತೆರೆದಿದ್ದರೆ ಇಷ್ಟು ಪ್ರಚಾರ ಆಗುತ್ತಿರಲಿಲ್ಲ ಎಂದು ನನಗೆ ಅನ್ನಿಸಿತು. ಮುಂದಿನ ಗಂಟನ್ನು ದಾಟಿಸಿದೆ.

ಊಟವಾದ ಮೇಲೆ ಬಸಣ್ಣ ಎಲೆಅಡಿಕೆ ಹಾಕಿಕೊಳ್ಳುತ್ತ ಗಿರಿಜಾಳ ಹತ್ತಿರ ಬಂದರು.

“ಅಕ್ಕಾರ, ನಮ್ಮ ಅಂಗಡಿಗೂ ವಾರಾ ವಾರಾ ಕಳಸ್ರಿ. ಆದ್ರ ಮುಟ್ಟಿಸೂದು ಹೆಂಗ?”

“ಬಸ್ಸಿಗೆ ಹಾಕಿ ಕಳಸ್ತೇನ್ರಿ.”

“ಸಂಗಡ ಯಾರು ಬರ್ತಾರ?”

ಗಿರಿಜಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೆಳಗಿನಿಂದ ಮೊದಲ ಸಲ ನಕ್ಕಳು.

“ಇವರ ಬರ್ತಾರ್ರಿ. ವೈರು, ಸ್ಕ್ರೂ ಕೈಗೆ ಸಿಗದಂಗ ನಡುವಿನ ಸೀಟಿಗೆ ಕುಂದರಸಿದ್ರ, ಇವರಷ್ಟು ಚೊಲೋ ಮನುಷ್ಯಾ ಮತ್ತೊಬ್ಬರಿಲ್ಲ.”

ಬಸಣ್ಣ ಸ್ವಲ್ಪವಾದರೂ ಯೋಚಿಸಿ ಒಪ್ಪುತ್ತಾರೆ ಎಂದುಕೊಂಡಿದ್ದೆ. ತಕ್ಷಣ ಒಪ್ಪಿಕೊಂಡರು.