ಆಕ್ಷೇಪಣೆ ಇದ್ದವರು ಈಗಲೇ ಹೇಳಿ

ಚರ್ಚ್ ಅಂದರೆ ಶಾಂತಿ, ಮೌನ, ಮೇಣದಬತ್ತಿ ಅಂದುಕೊಂಡಿರುವವರು ದಯವಿಟ್ಟು ಒಂದೇ ಒಂದು ತಿಂಗಳು ನನ್ನ ಕುರ್ಚಿಯಲ್ಲಿ ಬಂದು ಕೂರಲಿ. ವಾರಕ್ಕೊಂದಾದರೂ ರಂಪ ನಡೆಯದಿದ್ದರೆ ನನ್ನ ಹೆಸರು ಬದಲಾಯಿಸಿ. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಇಡೀ ಸರ್ವೀಸು ಕಳೆದು ರಿಟೈರ್ ಆದವಳು ನಾನು. ಅಲ್ಲಿ ಜನ ಎಷ್ಟೇ ಬೈದರೂ ನಡುವೆ ಒಂದು ಗಾಜು ಇರುತ್ತಿತ್ತು. ಆಮೇಲೆ ಜಯನಗರದ ನಮ್ಮ ಕನ್ನಡ ಸಭೆಗೆ, ಅದೇ ಹಳೇ ಆಂಗ್ಲಿಕನ್ ಪದ್ಧತಿಯ ಚರ್ಚಿಗೆ, ನನ್ನನ್ನು ಕಾರ್ಯದರ್ಶಿ ಮಾಡಿದರು. ಇಲ್ಲಿ ಗಾಜಿಲ್ಲ.

"ಜಾಸ್ತಿ ಕೆಲಸ ಇರಲ್ಲಮ್ಮ, ಭಾನುವಾರ ಸ್ವಲ್ಪ ನೋಡ್ಕೊಂಡ್ರೆ ಸಾಕು" ಅಂದಿದ್ದರು ಅಯ್ಯನವರು. ಸಭಾಪಾಲಕರನ್ನು ನಾವು ಅಯ್ಯನವರು ಅನ್ನುತ್ತೇವೆ. ಅವರು ಸುಳ್ಳು ಹೇಳುವುದಿಲ್ಲ ಅಂತ ಅಲ್ಲಿಯವರೆಗೂ ನಂಬಿದ್ದೆ.

ಕಾರು

ನಮ್ಮ ಗೇಟಿನ ಎದುರಿಗೇ ಒಂದು ದರ್ಶಿನಿ. ಭಾನುವಾರ ಬೆಳಿಗ್ಗೆ ದೋಸೆ ತಿನ್ನಲು ಬರುವವರ ಕಾರೆಲ್ಲ ನಮ್ಮ ಕಾಂಪೌಂಡಿನಲ್ಲಿ! ಸುಬ್ರಹ್ಮಣ್ಯಪುರದಿಂದ ಮುದಿ ತಾಯಿಯನ್ನು ಕೂರಿಸಿಕೊಂಡು ಬರುವ ನಮ್ಮ ಸಭೆಯವರು ಮಾತ್ರ ಜಾಗ ಸಿಗದೆ ಬ್ಲಾಕ್ ಸುತ್ತಬೇಕು. "ಆರಾಧನೆಗೆ ಬಂದವರಿಗೆ ಮಾತ್ರ" ಅಂತ ದಪ್ಪ ಅಕ್ಷರದ ಬೋರ್ಡ್ ಹಾಕಿಸಿದೆ. ಅದರ ಕೆಳಗೇ ತಂದು ನಿಲ್ಲಿಸಿದರು.

ಒಂದು ಭಾನುವಾರ ನಾನೇ ಗೇಟಿನಲ್ಲಿ ನಿಂತೆ. ಚಡ್ಡಿ ಟೀ ಶರ್ಟಿನ ಒಬ್ಬರು ಕಾರು ನಿಲ್ಲಿಸಿ ಇಳಿದರು. ಹೆಂಡತಿ ಆಗಲೇ ರಸ್ತೆ ದಾಟಿ ಹೋಗಿದ್ದರು.

"ಚರ್ಚಿಗೆ ಬಂದ್ರಾ ಸಾರ್?" ಅಂದೆ.

ಬೋರ್ಡು ನೋಡಿದರು, ನನ್ನನ್ನು ನೋಡಿದರು. "ಹೌದು ಮೇಡಂ. ಚರ್ಚಿಗೇ."

"ತುಂಬಾ ಸಂತೋಷ. ಬನ್ನಿ."

ಕರೆದುಕೊಂಡು ಹೋಗಿ ಎರಡನೇ ಸಾಲಿನಲ್ಲಿ ಕೂರಿಸಿ, ಕೈಗೆ ಗೀತೆಗಳ ಪುಸ್ತಕ ಕೊಟ್ಟು, ಅವರು ಏಳದಂತೆ ಬೆಂಚಿನ ತುದಿಯಲ್ಲಿ ನಾನು ಕೂತೆ. ಆವತ್ತು ಹೊರಗಿನಿಂದ ಬಂದ ಪ್ರಸಂಗಿಗಳು. ಮುಕ್ಕಾಲು ಗಂಟೆಗೂ ಮೇಲೆ ಮಾತಾಡಿದರು. ಪಕ್ಕದಲ್ಲಿ ಪಾಪ ಆ ಮನುಷ್ಯನ ಫೋನು ಗುಂಯ್ ಗುಂಯ್ ಅನ್ನುತ್ತಲೇ ಇತ್ತು.

ಆಶೀರ್ವಾದ ಮುಗಿದದ್ದೇ ತಡ, ರಸ್ತೆಯಾಚೆ ಓಡಿದವರು ಎರಡೇ ನಿಮಿಷದಲ್ಲಿ ವಾಪಸ್ ಬಂದು ನನ್ನ ಮೇಲೇ ಎಗರಿದರು. "ಏನ್ ಮೇಡಂ ನೀವು! ಹೆಂಡ್ತಿ ಕೋಪ ಮಾಡ್ಕೊಂಡು ಆಟೋ ಹತ್ತಿ ಹೋದ್ಲು. ಅಲ್ಲಿ ನೋಡಿದ್ರೆ ಖಾಲಿ ದೋಸೆನೂ ಖಾಲಿ!"

ಬೆಂಚು

ನಮ್ಮಲ್ಲಿ ಒಬ್ಬರು ರಿಟೈರ್ಡ್ ಎಂಜಿನಿಯರ್ ಅಂಕಲ್ ಇದ್ದಾರೆ. ಮೂರನೇ ಬೆಂಚಿನ ಬಲತುದಿ ಅವರದ್ದು. ಹಾಗಂತ ಎಲ್ಲೂ ಬರೆದಿಲ್ಲ, ಯಾರೂ ಕೊಟ್ಟಿಲ್ಲ.

ಹೊಸಬರು ಬರುವುದಿಲ್ಲ, ಸಭೆ ಬೆಳೆಯುವುದಿಲ್ಲ ಅಂತ ಪ್ರತಿ ಕಮಿಟಿಯಲ್ಲೂ ಗೋಳಾಡುವವರೂ ಇವರೇ. ಕೊನೆಗೂ ಅರೆಕೆರೆಯಿಂದ ಒಂದು ಹೊಸ ದಂಪತಿ ಬಂದರು. ಬಂದವರು ಗೊತ್ತಿಲ್ಲದೆ ಅದೇ ತುದಿಯಲ್ಲಿ ಕೂತರು. ಅಂಕಲ್ ಬಂದರು, ನೋಡಿದರು, ಬೆಂಚಿನ ಪಕ್ಕದಲ್ಲಿ ಬಸ್ ಕಂಡಕ್ಟರ್ ಥರ ನಿಂತುಬಿಟ್ಟರು. ಪ್ರಾರ್ಥನೆ ಆಯಿತು, ಬೈಬಲಿನ ಮೊದಲನೇ ಪಾಠ ಓದಿದ್ದಾಯಿತು. ಎಲ್ಲರೂ ಕೂತಿದ್ದಾರೆ, ಇವರೊಬ್ಬರು ನಿಂತಿದ್ದಾರೆ.

ಆ ಹುಡುಗಿ ಪಾಪ ಒಳಗೆ ಸರಿದು, "ಬನ್ನಿ ಅಂಕಲ್, ಜಾಗ ಇದೆ" ಅಂದಳು.

"ಪರವಾಗಿಲ್ಲಮ್ಮ. ನೀವು ಎದ್ದಮೇಲೆ ಕೂರ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಹತ್ತಿರ ಹೋಗಿ ಪಿಸುಮಾತಿನಲ್ಲೇ, "ಪಕ್ಕದ ಬೆಂಚು ಪೂರ್ತಿ ಖಾಲಿ ಇದೆಯಲ್ಲ ಅಂಕಲ್" ಅಂದೆ.

"ಅದು ನನ್ನ ಜಾಗ ಅಲ್ಲ."

"ಇದೂ ನಿಮ್ಮ ಜಾಗ ಅಲ್ಲ. ದೇವರ ಜಾಗ."

"ಹಾಗಾದ್ರೆ ದೇವರೇ ಬಂದು ಕೇಳಲಿ, ಬಿಟ್ಟುಕೊಡ್ತೀನಿ."

ಅಷ್ಟರಲ್ಲಿ ಅಯ್ಯನವರು ಗೀತೆಯ ನಂಬರ್ ಹೇಳಿದರು. ಹಾಡಲು ಇಡೀ ಸಭೆ ಎದ್ದು ನಿಂತಿತು. ಅಂಕಲ್ ಕೂತರು.

ಕ್ಯಾಮೆರಾ

ಮದುವೆ ಫೋಟೋದವರ ಬಗ್ಗೆ ಮಾತಾಡಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ, ಬಿ.ಪಿ. ಏರುತ್ತದೆ. ಆದರೂ ಹೇಳುತ್ತೇನೆ.

ವೇದಿಯ ಮುಂದಿನ ಕಟಕಟೆ ದಾಟಿ ಒಳಗೆ ಬರಬಾರದು ಅಂತ ಫಾರ್ಮಿನಲ್ಲೇ ಬರೆಸಿ ಸಹಿ ಹಾಕಿಸಿಕೊಂಡಿರುತ್ತೇನೆ. ಒಂದು ಮದುವೆಯಲ್ಲಿ ಫೋಟೋದ ಪುಣ್ಯಾತ್ಮನೊಬ್ಬ ಮೊದಲನೇ ಹಾಡಿಗೇ ದಾಟಿದ. ಅಯ್ಯನವರ ಹೆಗಲು ಮುಟ್ಟಿ, "ಅಂಕಲ್, ಒಂಚೂರು ಲೆಫ್ಟಿಗೆ. ಫ್ರೇಮಿಗೆ ಅಡ್ಡ ಬರ್ತಿದ್ದೀರಾ" ಅಂದ. ಮದುವೆ ಮಾಡಿಸುವವರೇ ಅಡ್ಡ! ನಾನು ಕೆಂಗಣ್ಣು ಬಿಟ್ಟೆ. ನನ್ನದೂ ಒಂದು ಫೋಟೋ ತೆಗೆದ.

ಹುಡುಗ ಹುಡುಗಿಯ ಬಲಗೈ ಹಿಡಿದು, ಸುಖದಲ್ಲೂ ಕಷ್ಟದಲ್ಲೂ ಜೊತೆಗಿರುತ್ತೇನೆ ಅಂತ ಪ್ರತಿಜ್ಞೆ ಮಾಡಿದ. ನನ್ನ ಕಣ್ಣು ಒದ್ದೆಯಾಗಿತ್ತು. ಆಗ ಫೋಟೋದವನು ಕೈ ಎತ್ತಿದ. "ಸಾರಿ ಸಾರ್, ಫೋಕಸ್ ಹೋಯ್ತು. ಇನ್ನೊಂದ್ಸಲ ಹೇಳಿಸಿಬಿಡಿ."

ಅಯ್ಯನವರು ಪುಸ್ತಕದಿಂದ ತಲೆಯನ್ನೂ ಎತ್ತಲಿಲ್ಲ. "ಒಂದ್ಸಲ ಹೇಳಿದ್ರೆ ಮದುವೆ ಕಣಪ್ಪ. ಇನ್ನೊಂದ್ಸಲ ಹೇಳಿದ್ರೆ ಎರಡನೇ ಮದುವೆ. ಅದಕ್ಕೆ ಬೇರೆ ಅರ್ಜಿ ಹಾಕಬೇಕು."

ಆಕ್ಷೇಪಣೆ

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಈ ಮದುವೆ ಆಗಬಾರದು ಅನ್ನುವುದಕ್ಕೆ ಕಾರಣ ಗೊತ್ತಿದ್ದವರು ಈಗಲೇ ಹೇಳಿ ಅಂತ ಕೇಳುತ್ತಾರೆ. ಯಾರೂ ಹೇಳುವುದಿಲ್ಲ. ಅಯ್ಯನವರೂ ಉತ್ತರಕ್ಕೆ ಕಾಯದೆ ಮುಂದಿನ ಪ್ರಕಟಣೆಗೆ ಹೋಗುತ್ತಾರೆ.

ಹೋದ ಡಿಸೆಂಬರಿನ ಒಂದು ಶನಿವಾರಕ್ಕೆ ಮದುವೆ ಗೊತ್ತಾಗಿತ್ತು. ಹುಡುಗ ನಮ್ಮ ಸಭೆಯವನು, ಹುಡುಗಿ ಬೊಮ್ಮನಹಳ್ಳಿ ಕಡೆಯವಳು. ಮೂರನೇ ಸಲ ಓದುವ ದಿನ ಹುಡುಗಿಯ ಮನೆಯವರೂ ಬಂದು ಮುಂದೆ ಕೂತಿದ್ದರು. ಅಯ್ಯನವರು ಕೇಳಿದರು. ಹಿಂದಿನ ಸಾಲಿನಿಂದ ಮಹಿಳಾ ಕೂಟದ ಅಧ್ಯಕ್ಷೆ, ಎಂಬತ್ತು ದಾಟಿದ ಅಜ್ಜಿ, ಕೋಲೂರಿ ಎದ್ದು ನಿಂತರು.

"ನನ್ನದಿದೆ ಆಕ್ಷೇಪಣೆ!"

ಹುಡುಗಿಯ ತಾಯಿ ಪಕ್ಕದವರ ಕೈ ಹಿಡಿದುಕೊಂಡರು. ಅವಳ ಅಪ್ಪ ನಿಧಾನಕ್ಕೆ ತಿರುಗಿ ಹುಡುಗನ ಅಪ್ಪನನ್ನು ನೋಡಿದ ನೋಟ ನಾನು ಮರೆಯುವುದಿಲ್ಲ. ಅಯ್ಯನವರ ಕೈಯಿಂದ ಪುಸ್ತಕ ಜಾರಿತು.

"ಏ... ಏನಜ್ಜಿ ಕಾರಣ?"

"ಆವತ್ತು ಕ್ರಿಸ್‌ಮಸ್ ತಿಂಡಿಗೆ ಕಲ್ಕಲ್ ಕರಿಯೋ ದಿನ. ಹಾಲ್ ನಮ್ದು. ಅಡುಗೆಮನೆ ನಮ್ದು. ಮದುವೆ ಊಟ ಎಲ್ಲಿ ಹಾಕ್ತೀರಾ?"

ಇಡೀ ಸಭೆ ನನ್ನ ಕಡೆ ತಿರುಗಿತು. ಹಾಲ್ ಬುಕಿಂಗ್ ನನ್ನ ಕೆಲಸ. ಆದರೆ ರಿಜಿಸ್ಟರಿನಲ್ಲಿ ಮಹಿಳಾ ಕೂಟದ ಹೆಸರೇ ಇಲ್ಲ! ನಾನೂ ಎದ್ದು ನಿಂತು, "ನನಗೆ ಹೇಳಿದ್ದು ಯಾವಾಗ ಅಜ್ಜಿ?" ಅಂದೆ.

"ಪ್ರತಿ ವರ್ಷ ಅದೇ ಶನಿವಾರ ಅಲ್ವೇ? ಕ್ರಿಸ್‌ಮಸ್ ಯಾವಾಗ ಅಂತಾನೂ ನಿನಗೆ ಹೇಳಬೇಕಾ?"

ಅಯ್ಯನವರು ಬೆವರು ಒರೆಸಿಕೊಂಡರು. "ಅಜ್ಜಿ, ನಿಮ್ಮ ಆಕ್ಷೇಪಣೆ ಮದುವೆಗಾ, ಹಾಲಿಗಾ?"

"ಮದುವೆಗೆ ನಂದೇನಪ್ಪ? ಹುಡುಗ ಬಂಗಾರದಂಥವನು, ನಾನೇ ಎತ್ತಿ ಆಡಿಸಿದ್ದೀನಿ. ಎಲ್ಲಾದ್ರೂ ಮಾಡ್ಕೊಳ್ಳಲಿ."

ಮೊದಲು ನಕ್ಕವಳು ಮದುಮಗಳು. ಆಮೇಲೆ ಅವಳ ಅಪ್ಪ. ಕೊನೆಗೆ ಊಟಕ್ಕೆ ಹಾಲ್, ಕರಿಯುವುದಕ್ಕೆ ಹಿತ್ತಿಲು ಅಂತ ಇತ್ಯರ್ಥವಾಯಿತು. ಎಣ್ಣೆಯ ಘಮದಲ್ಲೇ ಮದುವೆ ನಡೆಯಿತು. ಹುಡುಗಿಯ ಚಿಕ್ಕಮ್ಮ, ಅತ್ತೆಯರೆಲ್ಲ ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು, ಅಜ್ಜಿಯ ಕೈಲಿ ಬೈಸಿಕೊಳ್ಳುತ್ತಾ ಸಿಹಿ ಹಿಟ್ಟನ್ನು ಶಂಖದ ಹಾಗೆ ಸುರುಳಿ ಮಾಡಿ ಕಲ್ಕಲ್ ಸುತ್ತಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನೂ ಸುಮ್ಮನಾಗುತ್ತಿದ್ದೆ. ಈಗ ಪ್ರತಿ ಮದುವೆ ಪ್ರಕಟಣೆಗೂ ಅಯ್ಯನವರು ತಮ್ಮದೇ ಒಂದು ಸಾಲು ಸೇರಿಸಿಕೊಂಡಿದ್ದಾರೆ. "ಮದುವೆಗೆ ಆಕ್ಷೇಪಣೆ ಇದ್ದವರು ಈಗಲೇ ಹೇಳಿ. ಹಾಲಿಗೆ ಆಕ್ಷೇಪಣೆ ಇದ್ದವರು ಆರಾಧನೆ ಆದಮೇಲೆ ಕಾರ್ಯದರ್ಶಿಯವರನ್ನು ನೋಡಿ."

ಮದುವೆಗೆ ಇವತ್ತಿನವರೆಗೂ ಒಂದೂ ಆಕ್ಷೇಪಣೆ ಬಂದಿಲ್ಲ. ನನ್ನ ಮೇಜಿನ ಮುಂದೆ ಮಾತ್ರ ಪ್ರತಿ ಭಾನುವಾರ ಕ್ಯೂ.