ಬೀಗರೇ ವಾಲಗದವರಾದರೆ

ನಮ್ಮ ಚಿಕ್ಕಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಇಂಗ್ಲೆಂಡಿನವರೇ ಮರೆತುಬಿಟ್ಟ ಒಂದು ಸಿನಿಮಾವನ್ನು ಇಡೀ ಬೀಚನಹಳ್ಳಿಗೆ ತೋರಿಸಿದ ಕೀರ್ತಿ ಮಾತ್ರ ಅವರದೇ!

ಅಣೆಕಟ್ಟೆಯ ಗೇಟು ಎತ್ತಿ ಇಳಿಸಿ ನಿವೃತ್ತರಾದವರು. ಮೊಬೈಲಿನಲ್ಲಿ ವಾಲಗ ಹುಡುಕಲು ಹೋಗಿ ಲಂಡನ್ನಿನ ಕಪ್ಪುಬಿಳುಪು ಚಿತ್ರಕ್ಕೆ ಸಿಕ್ಕಿಬಿದ್ದರು. ತುಂಬ ಜಾಜ್ ಸಂಗೀತ. ಕಪ್ಪು ಮೈಬಣ್ಣದ ವಾದ್ಯಗಾರ, ಬಿಳಿಯ ಹೆಂಡತಿ. ಆಗಿನ ಕಾಲಕ್ಕೆ ಅಲ್ಲಿಯವರೂ ಮೂಗು ಮುರಿದ ಜೋಡಿ. ನಡುವೆ ಚಾಡಿ ಹೇಳಿ ಮನೆ ಮುರಿಯಲು ನೋಡುವ ಗೆಳೆಯ. ಚಿಕ್ಕಪ್ಪ ಅದನ್ನು ‘ಜಾಜಿ ಪಿಚ್ಚರ್’ ಎಂದು ಊರಿಗೆಲ್ಲ ಸಾರಿ, ಮನೆಯ ಟೀವಿಗೆ ಹಾಕಿದರು. ಹೂವಿನ ಸಿನಿಮಾ ಇರಬೇಕೆಂದು ನಾನು ಹುಣಸೂರಿನಿಂದ ಸಂಸಾರ ಸಮೇತ ಹೋಗಿ ಕೂತೆ!

ಪಕ್ಕದಲ್ಲಿ ದೊಡ್ಡಪ್ಪ. ಅವರಿಗೆ ತಾಳ್ಮೆ ಕಡಿಮೆ.

“ಆವಾಗ್ನಿಂದ ವಾಲಗ ಊದ್ತಾವ್ರೆ, ತಾಳಿ ಯಾವಾಗ್ಲಾ ಕಟ್ಟದು?”

“ಅವರ್ಗೆ ಮದ್ವೆ ಆಗೋಗದೆ ಕಣಣ್ಣ,” ಎಂದರು ಚಿಕ್ಕಪ್ಪ.

“ಮತ್ಯಾಕ್ಲಾ ಊದ್ತಾರೆ?”

“ಖುಸಿಗೆ! ಗಂಡು ಕಪ್ಪು, ಎಣ್ಣು ಬಿಳಿ. ಸರಿನಾ ಅಣ್ಣ?”

“ತಪ್ಪೇನ್ಲಾ? ಕರಿ ಎತ್ತು, ಬಿಳಿ ಎತ್ತು ಒಂದೇ ನೊಗ ಹೊರಲ್ವಾ? ಚಾಡಿ ಏಳ್ತಾನಲ್ಲ, ಆ ನನ್ಮಗನ್ನ ಎಳ್ಕೊಂಡ್ ಬಾ ಇಲ್ಲಿ!”

“ಅಂಗಾರೆ ನನ್ ಮಗಳ್ನ ವಾಲಗದವರ ಹುಡುಗನ್ಗೆ ಕೊಡ್ತೀನಿ, ಬುಡು.”

ಚಿಕ್ಕಪ್ಪ ಟೀವಿಯ ಸದ್ದು ತಗ್ಗಿಸಿದರು. ಚಿಕ್ಕಪ್ಪನ ಮಗಳು, ಅಂದರೆ ನನ್ನ ತಂಗಿ, ಒಪ್ಪಿದ ಹುಡುಗ ಸ್ಯಾಕ್ಸೋಫೋನ್ ಊದುತ್ತಾನೆ. ಅವನ ತಂದೆ ನಮ್ಮ ಮನೆಯ ಪ್ರತಿ ಮದುವೆಗೂ ವಾಲಗ ಊದಿದವರು. ಪ್ರತಿ ಸಲವೂ ಕಡೇ ಪಂಕ್ತಿಯಲ್ಲಿ ಉಂಡವರು. ದೊಡ್ಡಪ್ಪ ಬಂದು ಅಕ್ಷತೆ ಹಾಕದಿದ್ದರೆ ಮದುವೆಯೇ ಬೇಡವೆಂದು ತಂಗಿಯ ಹಟ.

“ಎತ್ತಿನ ಮಾತೇ ಬ್ಯಾರೆ, ನೆಂಟಸ್ತನವೇ ಬ್ಯಾರೆ!” ದೊಡ್ಡಪ್ಪ ಎದ್ದುಹೋದರು.

ಹಳೆ ಟ್ರ್ಯಾಕ್ಟರ್ ಮಾರುವ ನನ್ನಿಂದ ಇದೊಂದು ಕಲಿಯಿರಿ: ಗಿರಾಕಿ ಎದ್ದ ಮಾತ್ರಕ್ಕೆ ವ್ಯಾಪಾರ ಮುರಿಯುವುದಿಲ್ಲ. ತಿರುಗಿ ನೋಡಿದನೇ, ಅದನ್ನು ನೋಡಬೇಕು. ದೊಡ್ಡಪ್ಪ ಬಾಗಿಲಲ್ಲಿ ನಿಂತರು.

“ಕಡೇಗೆ ಆ ಚಾಡಿಕೋರ ಸಿಕ್ಬಿದ್ನಾ?”

“ಕೂತು ನೋಡಿ ದೊಡ್ಡಪ್ಪ. ಆ ಗಂಡ ಹೆಂಡ್ತಿ ಬೆನ್ನಿಗೆ ನಿಲ್ಲೋಕೆ ಒಬ್ಬ ಹಿರೀಕ ಇಲ್ಲ. ಅದಕ್ಕೇ ಚಾಡಿ ನಡೀತದೆ,” ಎಂದೆ.

ಕೂತರು. ಕೊನೆಯವರೆಗೂ ನೋಡಿದರು. ಆಮೇಲೆ ಟವೆಲ್ಲು ಕೊಡವಿ, “ಮದ್ವೆಗೆ ಬತ್ತೀನಿ ಕಣ್ರಲಾ. ಇಲ್ದಿದ್ರೆ ನೀವೆಲ್ಲ ಸೇರ್ಕೊಂಡು ನನ್ನೇ ಆ ಚಾಡಿಕೋರನ್ನ ಮಾಡ್ಬುಡ್ತೀರ!” ಎಂದರು.

ಹೆಗ್ಗಡದೇವನಕೋಟೆಯ ಛತ್ರ. ಮುಹೂರ್ತ ಬಂತು. ಪುರೋಹಿತರು ಕೈಯೆತ್ತಿ, “ಗಟ್ಟಿಮೇಳ! ಗಟ್ಟಿಮೇಳ!” ಎಂದರು.

ನಿಶ್ಶಬ್ದ! ವಾಲಗಕ್ಕೆ ಯಾರಿಗೂ ಹೇಳಿಯೇ ಇಲ್ಲ! ವಾಲಗದವರು ಹೇಗೂ ಬರುತ್ತಾರಲ್ಲ ಎಂದು ನಾವು ಸುಮ್ಮನಿದ್ದೆವು. ಬಂದರು, ನಿಜ. ಆದರೆ ಎಲ್ಲರೂ ಬೀಗರಾಗಿ ಜಮಖಾನದ ಮೇಲೆ ಕೂತಿದ್ದಾರೆ! ಗಂಡಿನ ತಂದೆ ಅಭ್ಯಾಸಬಲದಿಂದ ಎದ್ದೇಬಿಟ್ಟರು. ದೊಡ್ಡಪ್ಪ ಭುಜ ಹಿಡಿದು ಕೂರಿಸಿದರು.

“ಕೂತ್ಕಳಿ ಬೀಗ್ರೇ. ಇವತ್ತು ನೀವು ಊದಂಗಿಲ್ಲ.”

ಅಷ್ಟರಲ್ಲಿ ಚಿಕ್ಕಪ್ಪ ಮೊಬೈಲನ್ನು ಮೈಕಿಗೆ ಹಿಡಿದಿದ್ದರು. ಲಂಡನ್ನಿನ ಜಾಜ್ ಭೋರ್ಗರೆಯಿತು. ತಂಗಿಯ ಕೊರಳಿಗೆ ತಾಳಿ ಬಿತ್ತು. ಛತ್ರವೆಲ್ಲ ನಗೆಯೋ ನಗೆ!

ಅಕ್ಷತೆ ಹಾಕುತ್ತ ನಾನು ಬೀಗರ ಕಡೆ ನೋಡಿದೆ. ದೊಡ್ಡಪ್ಪನ ಕೈ ಇನ್ನೂ ಅವರ ಭುಜದ ಮೇಲೇ ಇತ್ತು. ನಮ್ಮ ಮನೆಯ ಮದುವೆಯೊಂದನ್ನು ಮೊದಲ ಸಲ ಕೂತು ನೋಡುತ್ತಿದ್ದ ಅವರ ಬೆರಳುಗಳು, ಕೈಯಲ್ಲಿ ಇಲ್ಲದ ವಾಲಗದ ತೂತುಗಳನ್ನು ಮುಚ್ಚಿ ತೆರೆಯುತ್ತಿದ್ದವು.